ಜಪಾನಿನ ಹೊರಗೆ ತೈಕೊ ಇಷ್ಟು ಬೆಳೆದದ್ದು ಹೇಗೆ? ನಮ್ಮಂಥವರು ಸೇರಬಹುದೇ?

ಫ್ರೀಮಾಂಟ್‌ಮನೆ ಕೇಳಿದ್ದು:

ಕಳೆದ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಜಪಾನ್‌ಟೌನ್‌ಗೆ ಒಬೊನ್, ಅಂದರೆ ಜಪಾನೀಯರು ಪಿತೃಗಳನ್ನು ನೆನೆಯುವ ಹಬ್ಬ, ನೋಡಲು ಹೋಗಿದ್ದೆವು. ಬೌದ್ಧ ದೇವಾಲಯದ ಮುಂದಿನ ರಸ್ತೆಯಲ್ಲಿ ತೈಕೊ, ಅಂದರೆ ಜಪಾನಿನ ಡ್ರಮ್, ಬಾರಿಸುತ್ತಿದ್ದರು. ನನ್ನ ಮಗಳಿಗೆ ಹದಿನಾಲ್ಕು ವರ್ಷ. ಊಟಕ್ಕೆ ಕರೆದರೂ ಬರಲಿಲ್ಲ, ಕೊನೆಯ ಪೆಟ್ಟು ಬೀಳುವ ತನಕ ಹಗ್ಗದ ಪಕ್ಕದಲ್ಲೇ ನಿಂತಿದ್ದಳು. ಈಗ ತಾನೂ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ನನ್ನ ಅನುಮಾನಗಳು ಇವು. ಇದು ಪ್ರಾಚೀನ ಕಾಲದ ಯುದ್ಧವಾದ್ಯ ಅಂತ ಕೇಳಿದ್ದೇನೆ. ಹಾಗಿದ್ದರೆ ಅಮೆರಿಕದಲ್ಲಿ ಇಷ್ಟೊಂದು ತಂಡಗಳು ಹುಟ್ಟಿದ್ದು ಹೇಗೆ? ಅವತ್ತು ಬಾರಿಸುತ್ತಿದ್ದವರಲ್ಲಿ ಜಪಾನೀ ಮೂಲದವರಲ್ಲದವರೂ ಇದ್ದಂತೆ ಕಂಡಿತು. ನಾವು ಜಪಾನಿನವರಲ್ಲ, ಬೌದ್ಧರೂ ಅಲ್ಲ. ಇನ್ನೊಬ್ಬರ ಮನೆದೇವರಿಗೆ ನಾವು ಹೋಗಿ ಆರತಿ ಎತ್ತಿದ ಹಾಗಾಗುವುದಿಲ್ಲವೇ ಅಂತ ನನ್ನ ಹೆಂಡತಿ ಕೇಳುತ್ತಿದ್ದಾಳೆ. ಡ್ರಮ್ ಕೊಳ್ಳಬೇಕಾಗುತ್ತದೆಯೇ ಎಂಬುದೂ ಗೊತ್ತಾಗಬೇಕು, ನಾವಿರುವುದು ಅಪಾರ್ಟ್‌ಮೆಂಟಿನಲ್ಲಿ. ಬಲ್ಲವರು ಹೇಳಿ.

---

ಸಾಗರದವಳು ಉತ್ತರ:

ನಾನು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಈಸ್ಟ್ ಬೇಯ ಒಂದು ಸಣ್ಣ ಸಮುದಾಯ ತಂಡದಲ್ಲಿ ಬಾರಿಸುತ್ತೇನೆ. ಹುಟ್ಟಿ ಬೆಳೆದದ್ದು ಸಾಗರದ ಹತ್ತಿರ, ಡೊಳ್ಳು ಕೇಳಿಕೊಂಡೇ. ಹಾಗಾಗಿ ಉತ್ತರ ಉದ್ದವಾಗುತ್ತದೆ, ಸಾವಕಾಶವಾಗಿ ಓದಿ.

ಮೊದಲು ಆ ‘ಪ್ರಾಚೀನ’ ಎಂಬ ಮಾತು. ವಾದ್ಯ ಹಳೆಯದು, ಸಂಶಯವಿಲ್ಲ. ದೇಗುಲದಲ್ಲಿ, ನೋ ಮತ್ತು ಕಬುಕಿ ಎಂಬ ನಾಟಕಗಳ ರಂಗದಲ್ಲಿ, ಹಳ್ಳಿಯ ಹಬ್ಬದಲ್ಲಿ ಅದು ತಲೆತಲಾಂತರದಿಂದ ಇದೆ. ಆದರೆ ನೀವು ರಸ್ತೆಯಲ್ಲಿ ಕಂಡದ್ದು ದೊಡ್ಡದು, ನಡುವಿನದು, ಸಣ್ಣದು ಎಲ್ಲ ಡ್ರಮ್ಮುಗಳನ್ನೂ ಒಟ್ಟಿಗಿಟ್ಟು ಹತ್ತಾರು ಜನ ಒಂದೇ ಮೈಯಾಗಿ ಬಾರಿಸುವ ರೀತಿ. ಅದನ್ನು ಕುಮಿ-ದೈಕೊ, ಅಂದರೆ ತಂಡದ ತೈಕೊ, ಅನ್ನುತ್ತಾರೆ. ಅದು ಶುರುವಾದದ್ದು 1951ರಲ್ಲಿ, ನಾಗಾನೊ ಪ್ರಾಂತದಲ್ಲಿ. ಶುರುಮಾಡಿದವರು ದೈಹಾಚಿ ಓಗುಚಿ ಎಂಬ ಜಾಜ್ ಡ್ರಮ್ಮರ್. ಸುವಾ ದೇಗುಲದ ಹಳೆಯ ಬಾರಿಕೆಯ ಬರಹ ಒಂದು ಅವರ ಕೈಗೆ ಬಂತು. ಅದರಲ್ಲಿದ್ದ ನಡೆಯನ್ನು ಒಬ್ಬನೇ ಬಾರಿಸಿದರೆ ಸಪ್ಪೆ ಅನ್ನಿಸಿತು ಅವರಿಗೆ. ಜಾಜ್ ಡ್ರಮ್ ಸೆಟ್ಟಿನಲ್ಲಿ ಒಬ್ಬನೇ ಮನುಷ್ಯ ಹಲವು ಡ್ರಮ್ಮುಗಳನ್ನು ನುಡಿಸುತ್ತಾನಲ್ಲ, ಅದನ್ನು ಅವರು ಬಿಡಿಸಿ ಹಲವರ ಕೈಗೆ ಹಂಚಿದರು. ಒಬ್ಬರು ತಾಳ ಹಿಡಿಯಬೇಕು, ಒಬ್ಬರು ಬುನಾದಿ, ಉಳಿದವರು ಹಾಡಿನ ಮೈ. ಹಾಗೆ ಹುಟ್ಟಿದ್ದು ಒಸುವಾ ದೈಕೊ ತಂಡ. 1959ರಲ್ಲಿ ಟೋಕಿಯೊದ ಸುಕೆರೊಕು ತಂಡ ಬಂತು. ಡ್ರಮ್ಮನ್ನು ಓರೆ ಸ್ಟ್ಯಾಂಡಿನ ಮೇಲಿಟ್ಟು, ಕೈಯನ್ನು ಆಕಾಶಕ್ಕೆ ಚಾಚಿ, ಸೊಂಟ ತಿರುಗಿಸಿ ಬಾರಿಸುವ ಚೆಲುವು ಅವರಿಂದ ಬಂದದ್ದು. ನಿಮ್ಮ ಮಗಳನ್ನು ಊಟ ಮರೆಸಿ ನಿಲ್ಲಿಸಿದ್ದು ಬಹುಶಃ ಅದೇ. 1964ರ ಟೋಕಿಯೊ ಒಲಿಂಪಿಕ್ಸ್ ಜೊತೆಗಿನ ಕಲಾ ಉತ್ಸವದಲ್ಲಿ ತೈಕೊ ಕೇಳಿಸಿತು, ಅಲ್ಲಿಂದ ಮುಂದೆ ಜಪಾನಿನ ಊರೂರಲ್ಲಿ ತಂಡಗಳು ಎದ್ದವು.

ಅಮೆರಿಕದಲ್ಲಿ ಇದು ಶುರುವಾದದ್ದು 1968ರಲ್ಲಿ. ಅಂದರೆ ಅಮೆರಿಕದ ತೈಕೊ ಜಪಾನಿನ ಕುಮಿ-ದೈಕೊಗಿಂತ ಬರೀ ಹದಿನೇಳು ವರ್ಷ ಕಿರಿಯದು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಾವಿರ ವರ್ಷದ ಮರದಿಂದ ಒಂದು ಕೊಂಬೆ ಕಡಿದು ತಂದು ಇಲ್ಲಿ ನೆಟ್ಟರು ಅನ್ನುವುದು ಸರಿಯಾದ ಚಿತ್ರವಲ್ಲ. ಎರಡೂ ಕಡೆ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಬೆಳೆದದ್ದು.

ಸೈಚಿ ತನಾಕಾ 1967ರಲ್ಲಿ ಜಪಾನಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಅಲ್ಲಿನ ಚೆರ್ರಿ ಹೂವಿನ ಉತ್ಸವದಲ್ಲಿ ತೈಕೊ ಸದ್ದೇ ಇಲ್ಲದ್ದು ಕಂಡು ಅವರಿಗೆ ತಡೆಯಲಾಗಲಿಲ್ಲ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತೈಕೊ ಡೋಜೊ ಎಂಬ ತರಬೇತಿ ಶಾಲೆ ಕಟ್ಟಿದರು. ಅವರದು ಗುರು-ಶಿಷ್ಯ ಪದ್ಧತಿ. ಕಟ್ಟುನಿಟ್ಟು, ಓಟ, ಬಸ್ಕಿ, ಬೆವರು. ಮೈ ಗಟ್ಟಿಯಾಗದೆ ಸದ್ದು ಗಟ್ಟಿಯಾಗದು ಎಂಬ ನಂಬಿಕೆ. 2001ರಲ್ಲಿ ಅಮೆರಿಕ ಸರ್ಕಾರದ ಕಲಾನಿಧಿ ಅವರಿಗೆ ರಾಷ್ಟ್ರೀಯ ಪರಂಪರೆ ಫೆಲೋಷಿಪ್ ಕೊಟ್ಟಿತು.

ಮರುವರ್ಷ, 1969ರಲ್ಲಿ, ಲಾಸ್ ಏಂಜಲೀಸ್‌ನ ಸೆನ್‌ಶಿನ್ ಬೌದ್ಧ ದೇವಾಲಯದಲ್ಲಿ ಕಿನ್ನರ ತೈಕೊ ಹುಟ್ಟಿತು. ನಮ್ಮ ಕಿನ್ನರರೇ, ಬೌದ್ಧ ಕಥೆಗಳ ಜೊತೆ ಜಪಾನಿಗೆ ಹೋದವರು. ಅಲ್ಲಿನ ಪೂಜ್ಯ ಮಸಾವೊ ಕೊದಾನಿ ಮತ್ತು ಗೆಳೆಯರಿಗೆ ಗುರುವೂ ಇರಲಿಲ್ಲ, ಡ್ರಮ್ಮಿಗೆ ದುಡ್ಡೂ ಇರಲಿಲ್ಲ. ಜಪಾನಿನಲ್ಲಿ ಒಳ್ಳೆಯ ನಾಗದೊ-ದೈಕೊವನ್ನು, ಅಂದರೆ ಉದ್ದ ಮೈಯ ತೈಕೊವನ್ನು, ಕೆಯಾಕಿ ಮರದ ಒಂದೇ ದಿಮ್ಮಿ ಕೊರೆದು ಮಾಡುತ್ತಾರೆ. ಒಂದೊಂದಕ್ಕೂ ಸಾವಿರಾರು ಡಾಲರ್. ಇವರೇನು ಮಾಡಿದರು ಅಂದರೆ, ಕ್ಯಾಲಿಫೋರ್ನಿಯಾದ ವೈನ್ ಕಂಪನಿಗಳ ಓಕ್ ಪೀಪಾಯಿ ತಂದರು. ಹಲಗೆಗಳನ್ನು ಅಂಟಿಸಿ, ಉಜ್ಜಿ, ಮೇಲೆ ದನದ ಚರ್ಮ ಬಿಗಿದರು.

ಇದು ನನಗೆ ಇಡೀ ಚರಿತ್ರೆಯಲ್ಲೇ ಅತ್ಯಂತ ಪ್ರಿಯವಾದ ಸಂಗತಿ. ನಮ್ಮ ತಂಡದ ಡ್ರಮ್ಮುಗಳೂ ಪೀಪಾಯಿಯವೇ. ಚರ್ಮ ಬದಲಿಸುವ ದಿನ ಎಲ್ಲರೂ ಸೇರುತ್ತೇವೆ. ನೆನೆಹಾಕಿದ ಹಸಿ ಚರ್ಮದ ಅಂಚಿಗೆ ತೂತು ಮಾಡಿ, ಕೋಲು ಸಿಕ್ಕಿಸಿ, ಹಗ್ಗ ಕಟ್ಟಿ, ಕೆಳಗಿನಿಂದ ಕಾರಿನ ಜ್ಯಾಕ್ ಕೊಟ್ಟು ಎತ್ತುತ್ತೇವೆ. ಚರ್ಮ ಸ್ವಲ್ಪ ಹಿಗ್ಗಿದ ಮೇಲೆ ಒಬ್ಬರು ಬರಿಗಾಲಲ್ಲಿ ಡ್ರಮ್ಮಿನ ಮೇಲೆ ಹತ್ತಿ ತುಳಿಯಬೇಕು, ಮತ್ತೆ ಜ್ಯಾಕ್, ಮತ್ತೆ ತುಳಿತ. ಬಾರಿಸಿ ಕೇಳಬೇಕು. ಕಿವಿಗೆ ಒಪ್ಪಿದ ಮೇಲೆ ಸುತ್ತ ಎರಡು ಸಾಲು ಮೊಳೆ. ಗ್ಯಾರೇಜೆಲ್ಲ ಹಸಿ ಚರ್ಮದ ವಾಸನೆ. ಇದನ್ನು ಕಲಿಸಿಕೊಟ್ಟದ್ದು ಯಾವ ಕಾರ್ಖಾನೆಯೂ ಅಲ್ಲ, ಒಂದು ತಂಡದವರು ಇನ್ನೊಂದು ತಂಡದವರಿಗೆ ಕೈಹಿಡಿದು ತೋರಿಸಿಕೊಟ್ಟದ್ದು. ತೈಕೊ ಹೇಗೆ ಬೆಳೆಯಿತು ಅಂತ ಕೇಳಿದಿರಲ್ಲ, ಪೀಪಾಯಿ ಇಲ್ಲದಿದ್ದರೆ ಈ ಬೆಳವಣಿಗೆ ಇರುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಮದಾದ ಡ್ರಮ್ಮಿಗೇ ಕಾಯುತ್ತ ಕೂತಿದ್ದರೆ ಹಣವಿದ್ದ ಒಂದೆರಡು ಕಡೆ ಮಾತ್ರ ತೈಕೊ ಉಳಿಯುತ್ತಿತ್ತು.

1973ರಲ್ಲಿ ಸ್ಯಾನ್ ಹೋಸೆ ತೈಕೊ ಬಂತು. ಅದರ ಹಿನ್ನೆಲೆ ತಿಳಿಯದೆ ಈ ಕಥೆ ಅರ್ಥವಾಗದು. ಜಪಾನಿನೊಡನೆ ಯುದ್ಧ ನಡೆಯುತ್ತಿದ್ದಾಗ, 1942ರ ಫೆಬ್ರುವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಆದೇಶದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರನ್ನು ಮನೆ, ಹೊಲ, ಅಂಗಡಿ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಹಾಕಿದರು. ಮೂರರಲ್ಲಿ ಎರಡು ಪಾಲು ಜನ ಇಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆಗಳು. ಬಿಡುಗಡೆಯಾಗಿ ಬಂದವರಲ್ಲಿ ಅನೇಕರು ಬಾಯಿ ಬಿಡಲಿಲ್ಲ. ಮಕ್ಕಳಿಗೆ ಜಪಾನೀ ಭಾಷೆ ಕಲಿಸಲಿಲ್ಲ, ಆದಷ್ಟು ಸದ್ದಿಲ್ಲದೆ ಬದುಕಿದರು. ಆ ಮೌನದಲ್ಲಿ ಬೆಳೆದ ಮೂರನೆಯ ತಲೆಮಾರು 60-70ರ ದಶಕದಲ್ಲಿ ಕಾಲೇಜಿಗೆ ಬಂತು. ಕರಿಯರ ನಾಗರಿಕ ಹಕ್ಕಿನ ಹೋರಾಟ ಕಂಡಿತು, ವಿಯೆಟ್ನಾಂ ಯುದ್ಧ ವಿರೋಧಿಸಿತು, ನಾವು ಯಾರು ಎಂದು ಕೇಳತೊಡಗಿತು. ಆಗ ಅವರ ಕೈಗೆ ಸಿಕ್ಕಿದ್ದು ಈ ಡ್ರಮ್. ಸ್ಯಾನ್ ಹೋಸೆಯವರು ಎಲ್ಲ ತೀರ್ಮಾನವನ್ನೂ ಕೂತು ಒಟ್ಟಾಗಿ ಮಾಡುತ್ತಿದ್ದರು, ಜಾಜ್, ಲ್ಯಾಟಿನ್, ಆಫ್ರಿಕಾದ ನಡೆಗಳನ್ನು ಸಂಕೋಚವಿಲ್ಲದೆ ಬೆರೆಸಿದರು. ಇದು ಜಪಾನಿನ ಸಂಗೀತವಲ್ಲ, ಜಪಾನೀ ಅಮೆರಿಕನ್ನರ ಸಂಗೀತ ಎಂಬ ನಿಲುವು ಅವರದು. ಅದರ ಮುಂದಾಳುಗಳಾದ ರಾಯ್ ಮತ್ತು ಪಿ.ಜೆ. ಹಿರಬಯಾಶಿ ದಂಪತಿಗೂ 2011ರಲ್ಲಿ ಅದೇ ರಾಷ್ಟ್ರೀಯ ಫೆಲೋಷಿಪ್ ಬಂತು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಶಿಬಿರದಲ್ಲಿದ್ದು ಆಗಿನ್ನೂ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಡುವ ಕಾನೂನು ಮಾಡಿತು. ಪ್ರತಿ ಫೆಬ್ರುವರಿಯಲ್ಲಿ ಸ್ಯಾನ್ ಹೋಸೆ ಜಪಾನ್‌ಟೌನ್‌ನಲ್ಲಿ ಶಿಬಿರಗಳ ನೆನಪಿನ ದಿನ ನಡೆಯುತ್ತದೆ. ಒಬೊನ್‌ಗೆ ಹೋದ ಹಾಗೆ ಅದಕ್ಕೂ ಮಗಳನ್ನು ಕರೆದುಕೊಂಡು ಹೋಗಿ. ಯಾವುದಾದರೂ ತಂಡ ಸೇರುವ ಮೊದಲೇ ಹೋಗಿ.

ಈಗ ನಿಮ್ಮ ಮನೆಯವರ ಪ್ರಶ್ನೆ. ಬಾಗಿಲು ತೆರೆದಿದೆ. ನಮ್ಮ ತಂಡದಲ್ಲಿ ಫಿಲಿಪಿನೊ ಇದ್ದಾರೆ, ಮೆಕ್ಸಿಕನ್ ಇದ್ದಾರೆ, ಬಿಳಿಯರು, ಚೀನೀಯರು, ನಾನು. ಯಾರೂ ಧರ್ಮ ಕೇಳಲಿಲ್ಲ. ಆದರೆ ಬಂದವರು ನಡೆದುಕೊಳ್ಳಬೇಕಾದ ರೀತಿ ಇದೆ. ಒಳಗೆ ಬರುವಾಗ ತಲೆಬಾಗಬೇಕು. ಡ್ರಮ್ಮಿನ ಮೇಲೆ ಏನನ್ನೂ ಇಡಬಾರದು, ಒರಗಬಾರದು. ಬಾಚಿ, ಅಂದರೆ ಬಾರಿಸುವ ಕೋಲನ್ನು ದಾಟಬಾರದು. ಮುಗಿದ ಮೇಲೆ ನೆಲ ಒರೆಸುವುದು ಎಲ್ಲರ ಕೆಲಸ. ನಮ್ಮಲ್ಲಿ ವಾದ್ಯಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ಹಾಗಾಗಿ ಇದ್ಯಾವುದನ್ನೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ನೊಂದು ಮುಖ್ಯ ವಿಷಯ: ಯಾರದೋ ರಚನೆಯನ್ನು ಯೂಟ್ಯೂಬ್ ನೋಡಿ ಕಲಿತು ವೇದಿಕೆಯಲ್ಲಿ ಬಾರಿಸುವ ಹಾಗಿಲ್ಲ. ಕೇಳಬೇಕು. 1999ರಲ್ಲಿ ಟೋಕಿಯೊದ ಓಎದೊ ಸುಕೆರೊಕು ತಂಡ ತಮ್ಮ ರಚನೆ, ಶೈಲಿಗಳನ್ನು ಅನುಮತಿಯಿಲ್ಲದೆ ಬಳಸಬೇಡಿ ಎಂದು ಉತ್ತರ ಅಮೆರಿಕದವರಿಗೆ ಪತ್ರ ಬರೆದಾಗ ಇಲ್ಲಿ ದೊಡ್ಡ ಚರ್ಚೆಯೇ ಆಯಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು. ಈಗ ಎಲ್ಲರೂ ಬಾರಿಸಬಹುದು ಎಂದೇ ಬಿಟ್ಟುಕೊಟ್ಟ ರಚನೆಗಳಿವೆ, ಮಕ್ಕಳಿಗೆ ಮೊದಲು ಕಲಿಸುವುದು ಅವನ್ನೇ.

---

ಹಳೇಬೇರು ಉತ್ತರ:

1951ರದ್ದು ಎಂದು ಹೇಳುವುದು ಒಪ್ಪಿಗೆಯಿಲ್ಲ. ಗುನ್ಮಾ ಪ್ರಾಂತದಲ್ಲಿ ಸಿಕ್ಕ ಆರನೆಯ ಶತಮಾನದ ಮಣ್ಣಿನ ಗೊಂಬೆಯೊಂದು ಡ್ರಮ್ ಬಾರಿಸುತ್ತಿದೆ, ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಗಗಾಕು ಆಸ್ಥಾನ ಸಂಗೀತಕ್ಕೂ ಸಾವಿರ ವರ್ಷ ದಾಟಿದೆ. ಇಷ್ಟು ಹಳೆಯ ಪರಂಪರೆಯನ್ನು ಒಬ್ಬ ಜಾಜ್ ವಾದಕನ ಹೆಸರಿಗೆ ಬರೆಯುವುದು ಅನ್ಯಾಯ.

---

ಸಾಗರದವಳು ಉತ್ತರ:

ಗೊಂಬೆಯ ಮಾತು ನಿಜ, ಗಗಾಕುವಿನ ಮಾತೂ ನಿಜ. ವಾದ್ಯ ಹಳೆಯದು ಎಂದು ಮೊದಲೇ ಬರೆದಿದ್ದೇನೆ. ಆದರೆ ಗಗಾಕುವಿನಲ್ಲಿ ಡ್ರಮ್ಮು ಇತರ ವಾದ್ಯಗಳ ನಡುವೆ ಕೂತಿರುತ್ತದೆ, ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಉಸಿರು ಹಿಡಿದು ಕಾಯಬೇಕು. ಒಬೊನ್ ಕುಣಿತದಲ್ಲಿ ನಡುವಿನ ಅಟ್ಟದ ಮೇಲೆ ಒಬ್ಬ ಬಾರಿಸುತ್ತಾನೆ, ಸುತ್ತಲಿನವರು ಕುಣಿಯುತ್ತಾರೆ. ಡ್ರಮ್ಮುಗಳೇ ಇಡೀ ಮೇಳವಾಗಿ ವೇದಿಕೆ ತುಂಬಿದ್ದು ಓಗುಚಿಯವರಿಂದ ಈಚೆಗೆ. ನನ್ನ ಮಟ್ಟಿಗೆ ಇದರಿಂದ ತೈಕೊದ ಘನತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಳೆಯ ವಾದ್ಯದಿಂದ ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲೇ ಹೊಸ ಕಲೆಯೊಂದು ಎದ್ದುಬಂತು, ಅದನ್ನು ಕಟ್ಟಿದವರ ಹೆಸರೂ ಊರೂ ನಮಗೆ ಗೊತ್ತಿದೆ. ಅವರನ್ನು ಮರೆತು ‘ಪ್ರಾಚೀನ’ ಅಂದರೆ ಅವರ ದುಡಿಮೆ ಅಳಿಸಿಹೋಗುತ್ತದೆ.

---

ಥೇಮ್ಸ್‌ದಂಡೆ ಉತ್ತರ:

ಇಂಗ್ಲೆಂಡಿನಿಂದ ಎರಡು ಮಾತು. ಇಲ್ಲಿ ಜಪಾನೀ ವಲಸಿಗರ ದೊಡ್ಡ ಸಮುದಾಯ ಇಲ್ಲ. ಹಾಗಾಗಿ ತೈಕೊ ಬಂದ ದಾರಿಯೇ ಬೇರೆ, ಅದು ಬಂದದ್ದು ವೇದಿಕೆಯ ಮೂಲಕ. ಜಪಾನಿನ ಸಾದೊ ದ್ವೀಪದಲ್ಲಿ 1969ರಲ್ಲಿ ಓಂದೆಕೊಜಾ ತಂಡ ಕಟ್ಟಿದರು, ಓಟವೇ ಅವರ ಸಾಧನೆ. 1975ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿ, ಗುರಿ ಮುಟ್ಟಿದ ಕೂಡಲೇ ಡ್ರಮ್ ಬಾರಿಸಿದವರು. ಅದರಿಂದ ಒಡೆದು ಬಂದ ಕೊದೊ ತಂಡ 1981ರಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕೊಟ್ಟಿತು. ಅಲ್ಲಿಂದ ಅವರು ಸುತ್ತದ ದೇಶವಿಲ್ಲ. ನಾನು ಕಂಡ ಹಾಗೆ, ಅಂಥ ಪ್ರದರ್ಶನ ನೋಡಿ ಮನೆಗೆ ಹೋಗಿ ನಿದ್ದೆ ಬಾರದವರೇ ಇಲ್ಲಿ ತಂಡ ಕಟ್ಟಿದ್ದು. ಸ್ಕಾಟ್ಲೆಂಡಿನಲ್ಲಿ ನೆಲೆನಿಂತ ಮುಗೆಂಕ್ಯೊ 1994ರದ್ದು. ಆಸ್ಟ್ರೇಲಿಯಾದ ತೈಕೋಜ್ 1997ರದ್ದು, ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ರೈಲಿ ಲೀ ಹಿಂದೆ ಓಂದೆಕೊಜಾದಲ್ಲೇ ಇದ್ದವರು.

---

ಸಾಗರದವಳು ಉತ್ತರ:

ಚೆನ್ನಾಗಿ ಹೇಳಿದಿರಿ. ಬ್ರೆಜಿಲ್ಲಿನದು ಮೂರನೆಯ ದಾರಿ. 1908ರಲ್ಲಿ ಕಸಾತೊ ಮಾರು ಹಡಗಿನಲ್ಲಿ 781 ಜನ ಕಾಫಿ ತೋಟಗಳ ಕೂಲಿಗೆ ಹೋಗಿ ಇಳಿದರು. ಇಂದು ಜಪಾನಿನ ಹೊರಗೆ ಜಪಾನೀ ಮೂಲದವರು ಅತಿ ಹೆಚ್ಚು ಇರುವುದು ಅಲ್ಲೇ. ಅಲ್ಲಿ ತೈಕೊ ಹೆಚ್ಚಾಗಿ ಮಕ್ಕಳ, ಹದಿಹರೆಯದವರ ಕೈಯಲ್ಲಿದೆ, ದೇಶಮಟ್ಟದ ಸ್ಪರ್ಧೆ ನಡೆಯುತ್ತದೆ.

ಇಲ್ಲಿ ಅಮೆರಿಕದಲ್ಲಿ ಹರಡಿದ್ದು ದೇವಾಲಯದಿಂದ ಕಾಲೇಜಿಗೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಕ್ಯೋದೊ ತೈಕೊ, ಸ್ಟ್ಯಾನ್‌ಫರ್ಡ್‌ನಲ್ಲಿ 1992ರಲ್ಲಿ ಒಂದು. ನಾಲ್ಕು ವರ್ಷ ಬಾರಿಸಿ ಪದವಿ ಮುಗಿಸಿ ಕೆಲಸಕ್ಕೆಂದು ಬೇರೆ ಊರಿಗೆ ಹೋದವರು ಅಲ್ಲಿ ತಂಡ ಇಲ್ಲದಿದ್ದರೆ ತಾವೇ ಒಂದು ಕಟ್ಟುತ್ತಿದ್ದರು. 1997ರಲ್ಲಿ ಮೊದಲ ಉತ್ತರ ಅಮೆರಿಕ ತೈಕೊ ಸಮ್ಮೇಳನ ನಡೆದ ಮೇಲೆ ಒಬ್ಬರ ಮುಖ ಒಬ್ಬರಿಗೆ ಪರಿಚಯವಾಯಿತು.

ಹೆಣ್ಣುಮಕ್ಕಳ ಮಾತು ಹೇಳದೆ ಬಿಡಲಾರೆ. ಜಪಾನಿನಲ್ಲಿ ಬಹುಕಾಲ ಇದು ಗಂಡಸರ ವಾದ್ಯ. ಇಲ್ಲಿ ಎಷ್ಟೋ ತಂಡಗಳಲ್ಲಿ ಹೆಂಗಸರೇ ಹೆಚ್ಚು. ಏಷ್ಯಾದ ಹೆಣ್ಣು ಅಂದರೆ ಮೆತ್ತಗೆ ಮಾತಾಡುವವಳು ಅಂತ ಈ ದೇಶ ನಂಬಿಕೊಂಡಿದ್ದಾಗ, ಕಾಲು ಅಗಲಿಸಿ ನಿಂತು, ಹೊಟ್ಟೆಯಾಳದಿಂದ ಕೂಗು ಹಾಕಿ ಬಾರಿಸುವ ಅವಕಾಶ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ನಾನು ಹುಡುಗಿಯಾಗಿದ್ದಾಗ ನಮ್ಮೂರಲ್ಲಿ ಡೊಳ್ಳು ಗಂಡಸರ ಹೆಗಲ ಮೇಲೇ ಇತ್ತು, ಬೀರಪ್ಪನ ಗುಡಿಯ ಮುಂದೆ ನಾವು ದೂರದಿಂದ ನೋಡಬೇಕು. ಈಗ ಮಲೆನಾಡಲ್ಲೇ ಹೆಣ್ಣುಮಕ್ಕಳ ಡೊಳ್ಳಿನ ತಂಡಗಳು ಎದ್ದಿವೆ, ಬೇರೆ ರಾಜ್ಯಗಳಿಗೂ ಹೋಗಿ ಬರುತ್ತವೆ. ಆ ವಿಡಿಯೊಗಳನ್ನು ನಮ್ಮ ತಂಡದವರಿಗೆ ತೋರಿಸಿದೆ. ಇಷ್ಟು ಭಾರದ ಡ್ರಮ್ಮನ್ನು ಮೈಗೆ ಕಟ್ಟಿಕೊಂಡು ಕುಣಿಯುತ್ತಾರಾ ಅಂತ ಅವರು ಬೆರಗಾಗಿ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

---

ಚರ್ಮವಾದ್ಯ ಉತ್ತರ:

ಚಿಕ್ಕಬಳ್ಳಾಪುರದ ಕಡೆಯವನು ನಾನು. ಪೀಪಾಯಿ, ಚರ್ಮ ಅಂತ ಓದಿದಾಗ ಒಂದು ಕೇಳಬೇಕೆನಿಸಿತು. ನಮ್ಮಲ್ಲಿ ತಮಟೆಯನ್ನು ಮಾಡಿದವರು, ಬಡಿದವರು ಯಾರು, ಅವರನ್ನು ಊರು ಹೇಗೆ ನೋಡಿತು ಎಲ್ಲರಿಗೂ ಗೊತ್ತು. ದೇವರ ಮೆರವಣಿಗೆಗೆ ತಮಟೆ ಬೇಕು, ಬಡಿಯುವವನು ಗುಡಿಯ ಹೊರಗೆ. ನಮ್ಮ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಷ್ಟು ಖುಷಿಯಾಯಿತೋ ಅಷ್ಟೇ ಸಂಕಟವೂ ಆಯಿತು, ಇಷ್ಟು ತಡವಾಯಿತಲ್ಲ ಅಂತ. ಜಪಾನಿನಲ್ಲಿ ಚರ್ಮ ಹದಮಾಡುವವರು ಯಾರು?

---

ಸಾಗರದವಳು ಉತ್ತರ:

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಅಲ್ಲಿಯೂ ಅದೇ ಕಥೆ. ಬುರಾಕುಮಿನ್ ಎಂದು ಕರೆಯುವ ಸಮುದಾಯದ ಮೇಲೆ ಶತಮಾನಗಳ ಕಾಲ ಅಸ್ಪೃಶ್ಯತೆ ಹೇರಲಾಗಿತ್ತು. ಸತ್ತ ದನದ ಚರ್ಮ ಸುಲಿಯುವುದು, ಹದಮಾಡುವುದು, ಡ್ರಮ್ಮಿಗೆ ಬಿಗಿಯುವುದು ಅವರ ಪಾಲಿನ ಕೆಲಸ. ಮೇಲ್ಜಾತಿ-ಕೀಳ್ಜಾತಿಯ ಆ ಕಟ್ಟನ್ನು 1871ರಲ್ಲಿ ಕಾನೂನು ತೆಗೆದುಹಾಕಿತು, ಆದರೆ ಮದುವೆ, ನೌಕರಿಗಳಲ್ಲಿ ತಾರತಮ್ಯ ಆಮೇಲೂ ನಿಲ್ಲಲಿಲ್ಲ. ಡ್ರಮ್ಮು ದೇಗುಲದೊಳಗೆ ಹೋಗಿ ಪೂಜೆ ಪಡೆಯಿತು, ಮಾಡಿದವರ ಹೆಸರು ಹೊರಗೇ ಉಳಿಯಿತು.

ಒಸಾಕಾದ ನಾನಿವಾ ಎಂಬ ಕಡೆ ಡ್ರಮ್ ಮಾಡುವವರ ಹಳೆಯ ಕೇರಿ ಇದೆ. ಅಲ್ಲಿನ ಯುವಕರು 1987ರಲ್ಲಿ ಇಕಾರಿ ಎಂಬ ತೈಕೊ ತಂಡ ಕಟ್ಟಿದರು. ಇಕಾರಿ ಅಂದರೆ ಸಿಟ್ಟು. ನಮ್ಮ ಹಿರಿಯರು ಮಾಡಿದ ಡ್ರಮ್ಮನ್ನು ನಾವೇ ಬಾರಿಸುತ್ತೇವೆ ಎಂಬ ನಿಲುವಿನಿಂದ ಹುಟ್ಟಿದ ತಂಡ ಅದು. ತೈಕೊ ತರಗತಿಗಳಲ್ಲಿ ಇದನ್ನು ಹೇಳಿಕೊಡುವವರು ಕಡಿಮೆ. ನಾನು ಚರ್ಮ ಬಿಗಿಯುವ ದಿನ ಹೊಸಬರಿಗೆ ಹೇಳಿಯೇ ಹೇಳುತ್ತೇನೆ, ಜೊತೆಗೆ ತಮಟೆಯ ಕಥೆಯನ್ನೂ. ಬೆಳವಣಿಗೆ ಅಂದರೆ ತಂಡಗಳ ಲೆಕ್ಕ ಏರುವುದಷ್ಟೇ ಆಗಬಾರದು, ಆ ಚರ್ಮ ಮುಟ್ಟಿದ ಕೈಗಳ ಹೆಸರೂ ಜೊತೆಗೆ ಹೋಗಬೇಕು.

---

ಫ್ರೀಮಾಂಟ್‌ಮನೆ ಉತ್ತರ:

ಎಲ್ಲರಿಗೂ ಧನ್ಯವಾದ. ಇಡೀ ಎಳೆಯನ್ನು ಹೆಂಡತಿ, ಮಗಳ ಜೊತೆ ಕೂತು ಓದಿದೆ. ಮಗಳು ಶಿಬಿರಗಳ ಬಗ್ಗೆ ಶಾಲೆಯಲ್ಲಿ ಓದಿದ್ದಳಂತೆ, ಆದರೆ ಡ್ರಮ್ಮಿಗೂ ಅದಕ್ಕೂ ನಂಟಿದೆ ಅಂತ ಗೊತ್ತಿರಲಿಲ್ಲ ಅಂದಳು. ಸೇರಿಸುವುದೆಂದು ನಿಶ್ಚಯವಾಯಿತು. ಅಭ್ಯಾಸ ಹೇಗಿರುತ್ತದೆ, ಮನೆಯಲ್ಲಿ ಏನು ಮಾಡಬೇಕು ಇಷ್ಟು ಹೇಳಿಬಿಡಿ. ಅವಳು ಐದು ವರ್ಷ ಮೃದಂಗ ಕಲಿತಿದ್ದಾಳೆ.

---

ಸಾಗರದವಳು ಉತ್ತರ:

ಮೃದಂಗ ಕಲಿತಿದ್ದರೆ ಅರ್ಧ ದಾರಿ ಬಂದ ಹಾಗೆ. ತೈಕೊದಲ್ಲೂ ಬಾಯಿಪಾಠವೇ ಮೊದಲು. ದೊನ್ ಅಂದರೆ ನಡುವಿಗೆ ದೊಡ್ಡ ಪೆಟ್ಟು, ದೊಕೊ ಅಂದರೆ ಅದೇ ಜಾಗಕ್ಕೆ ಬೇಗ ಬೇಗ ಎರಡು, ಕಾ ಅಂದರೆ ಅಂಚಿಗೆ, ತ್ಸುಕು ಅಂದರೆ ಮೆಲ್ಲಗೆ ಎರಡು. ಕೊನ್ನಕೋಲ್ ಹೇಳಿದ ನಾಲಿಗೆಗೆ ಇದು ಒಂದು ಸಂಜೆಯ ಕೆಲಸ. ಕಷ್ಟವಾಗುವುದು ಬೇರೆ ಕಡೆ. ಮೃದಂಗದಲ್ಲಿ ಕೂತು ಬೆರಳಲ್ಲಿ ನುಡಿಸಿದವರಿಗೆ ನಿಂತು ಇಡೀ ತೋಳು ಎತ್ತಿ ಬೀಳಿಸುವುದು ಅಭ್ಯಾಸವಿರುವುದಿಲ್ಲ. ಎಡಗಾಲು ಮುಂದೆ, ಮಂಡಿ ಬಗ್ಗಿರಬೇಕು, ಬಲಗಾಲು ಹಿಂದಕ್ಕೆ ನೀಟ. ಬಲ ಭುಜದಿಂದಲ್ಲ, ಸೊಂಟದಿಂದ. ಭುಜ ಬಿಗಿಹಿಡಿದರೆ ಸದ್ದು ಸತ್ತುಹೋಗುತ್ತದೆ, ಮರುದಿನ ತೋಳೂ ಏಳುವುದಿಲ್ಲ.

ಡ್ರಮ್ ಕೊಳ್ಳಬೇಡಿ, ಅದು ತಂಡದ್ದು. ಹಳೆಯ ಕಾರಿನ ಟೈರು ಒಂದು ತಂದು, ತೂತಿನ ಮೇಲೆ ಪ್ಯಾಕಿಂಗ್ ಟೇಪನ್ನು ಅಡ್ಡ ಉದ್ದ ಬಿಗಿಯಾಗಿ ಪದರ ಪದರವಾಗಿ ಸುತ್ತಿ. ಎಷ್ಟೋ ತಂಡಗಳು ಇದರ ಮೇಲೇ ಕಲಿತದ್ದು. ಅಪಾರ್ಟ್‌ಮೆಂಟಿನಲ್ಲಿ ಅದೂ ಬೇಡ, ಸೋಫಾದ ದಿಂಬು ಸಾಕು. ಬಾಚಿ ಒಂದು ಜೊತೆ ಮಾತ್ರ ತನ್ನದೇ ಇರಲಿ, ಓಕ್ ಅಥವಾ ಮೇಪಲ್, ಹುಡುಗಿಯ ಕೈಗೆ ತೀರಾ ದಪ್ಪ ಬೇಡ.

ಕಿವಿಗೆ ಇಯರ್‌ಪ್ಲಗ್ ಕಡ್ಡಾಯ, ಇದರಲ್ಲಿ ರಾಜಿ ಬೇಡ. ಮುಚ್ಚಿದ ಹಾಲ್‌ನಲ್ಲಿ ಹತ್ತು ಡ್ರಮ್ ಒಟ್ಟಿಗೆ ಬಿದ್ದರೆ ಕಿವಿ ಹಾಳಾಗುತ್ತದೆ. ಮೊದಲ ವಾರಗಳಲ್ಲಿ ಉಂಗುರದ ಬೆರಳಿನ ಬುಡದಲ್ಲಿ ಬೊಕ್ಕೆ ಏಳುತ್ತದೆ, ಅಥ್ಲೆಟಿಕ್ ಟೇಪ್ ಸುತ್ತಿಕೊಂಡು ಹೋಗಲಿ, ಒಡೆಯಬೇಡಿ. ಉಗುರು ಕತ್ತರಿಸಿರಬೇಕು, ಉಂಗುರ ಬಳೆ ತೆಗೆದಿಟ್ಟು ಹೋಗಬೇಕು.

ಹೆಚ್ಚಿನ ತಂಡಗಳು ಮೊದಲ ತರಗತಿಯನ್ನು ಸುಮ್ಮನೆ ನೋಡಲು, ಬಾರಿಸಿ ನೋಡಲು ಬಿಡುತ್ತವೆ. ಎರಡು ಮೂರು ಕಡೆ ಹೋಗಿ ನೋಡಿ. ಡೋಜೊ ಪದ್ಧತಿಯಲ್ಲಿ ಶಿಸ್ತು ಹೆಚ್ಚು, ದೇವಾಲಯದ ತಂಡಗಳಲ್ಲಿ ಮನೆಯ ವಾತಾವರಣ. ಅವಳಿಗೆ ಯಾವುದು ಹಿಡಿಸುತ್ತದೋ ಅವಳೇ ಆರಿಸಲಿ. ಮತ್ತೆ, ತರಗತಿಗೆ ಬಿಟ್ಟು ಕಾರಿನಲ್ಲಿ ಕೂತು ಕಾಯಬೇಡಿ. ಡ್ರಮ್ ಹೊರುವುದಕ್ಕೆ, ವ್ಯಾನಿಗೆ ಏರಿಸುವುದಕ್ಕೆ ಯಾವ ತಂಡಕ್ಕೂ ಕೈ ಸಾಲುವುದಿಲ್ಲ, ನೀವಿಬ್ಬರೂ ಒಳಗೆ ಬನ್ನಿ.